ಡಬ್ಬಿಯ ಕೆಂಪು

ಕೋರ್ ಎಷ್ಟು, ರ‍್ಯಾಮ್ ಎಷ್ಟು, ಕಂತು ಎಷ್ಟು—
ಪೋರ್ಟೊದ ಅಂಗಡಿ ಹುಡುಗ ಒಂದೇ ಉಸಿರಿಗೆ ಒಪ್ಪಿಸಿದ.
ಜಸಿಂತಾ ಎಲ್ಲ ಕೇಳಿಸಿಕೊಂಡು
ಚೀಲದಿಂದ ಮೀನಿನ ಡಬ್ಬಿ ತೆಗೆದಳು:
ಬೂತಾಯಿ, ಟೊಮೆಟೊ ರಸದಲ್ಲಿ.
ಲೇಬಲ್ಲು ಅವಳದೇ, ಹನ್ನೊಂದು ವರ್ಷದ ಹಿಂದಿನದು.

ಪೆನ್‌ಡ್ರೈವಿನಿಂದ ಅದೇ ಚಿತ್ರ ತೆರೆಸಿ
ಒಂದೊಂದೇ ಪರದೆಯ ಪಕ್ಕ ಡಬ್ಬಿ ಹಿಡಿದಳು.
ಇಲ್ಲಿ ಕೆಂಪು ಕಿತ್ತಳೆಗೆ ಜಾರಿತ್ತು,
ಅಲ್ಲಿ ನಾಚಿ ಗುಲಾಬಿ.
ಎಲ್ಲಕ್ಕಿಂತ ದುಬಾರಿಯದು
ಯಾವ ಟೊಮೆಟೊವೂ ಕಂಡರಿಯದ ಹಾಗೆ ಉರಿಯಿತು.
“ಚೆಂದ,” ಅಂದಳು, “ಆದರೆ ಸುಳ್ಳು.
ನಾಳೆ ತಗಡಿನ ಮೇಲೆ ಅಚ್ಚಾದಾಗ
ಬೈಸಿಕೊಳ್ಳುವವಳು ನಾನು.”

ಮೂಲೆಯಲ್ಲೊಂದು, ದಪ್ಪ ಅಂಚಿನದು, ಯಾರೂ ಕೇಳದ್ದು.
ಡಬ್ಬಿ ಎಲ್ಲಿ ಮುಗಿದು
ಪರದೆ ಎಲ್ಲಿ ಶುರುವೋ ತಿಳಿಯಲಿಲ್ಲ.

ಬಿಲ್ಲು ಬರೆಯುತ್ತ ಹುಡುಗ ಡಬ್ಬಿ ಅಲುಗಿಸಿದ:
“ಒಳಗೆ ಇದೆಯಾ?”
“ಇದೆ. ಬ್ರೆಡ್ಡು ನೀನು ತಾ.”