ಒಂದೂವರಿ ಮಿಲಿಗ್ರಾಂ

ಗಾಜಿನ ಬಾಟಲಿ ಬ್ಯಾಡ ದ್ಯಾಮಣ್ಣ, ಅಂದಿದ್ರು ಮೊದಲ ದಿನ,
ಈ ನೀರು ಗಾಜನ್ನೂ ತಿಂತೈತಿ.
ಪ್ಲಾಸ್ಟಿಕ್ಕಿನವು ತಗೋ, ಮೂರು ಸಲ ತೊಳಿ,
ಕಡೀದ್ದು ಅದೇ ಬೋರಿನ ನೀರಿಲೆ.

ಹನ್ನೊಂದು ವರ್ಷ ತೊಳದೆ.
ಕುಷ್ಟಗಿ, ಯಲಬುರ್ಗಾ, ತಾವರಗೇರಿ,
ಜೀಪಿನ ಹಿಂದಿನ ಸೀಟಿನ್ಯಾಗ ಕುಲುಕಾಡತಿದ್ವು
ಊರೂರಿನ ಬಾವಿ.

ಡಾಕ್ಟರ್ ಅಮರಮ್ಮ ಕಟ್ಟಿಮ್ಯಾಲೆ ಮಂದೀನ್ನ ನಿಲ್ಲಸ್ತಿದ್ರು.
ಗದ್ದ ಎದಿಗೆ ಹಚ್ರಿ. ಕೈ ಕುತಿಗಿ ಹಿಂದ ಕಟ್ರಿ.
ಮೊಣಕಾಲು ಮಡಚದ ಕಾಲ್ಬೆರಳು ಮುಟ್ರಿ.
ಕರೇಹಾಳದ ಸಣ್ಣಹನುಮವ್ವ, ವಯಸ್ಸು ಮೂವತ್ತೆರಡು,
ಮೂರೂ ಆಗದ ನಕ್ಕಳು, ಬಾಯಿಗೆ ಸೆರಗ ಹಿಡದು,
ಹಲ್ಲು ಕಾಣಬಾರದಂತ.
ಅಮರಮ್ಮ ನಗಲಿಲ್ಲ. ವಹಿಯೊಳಗ ಬರಕೊಂಡ್ರು: ೪.೨.
ಒಂದೂವರಿ ದಾಟಬಾರದಂತ ಕಾಯ್ದೆ ಐತಿ.

ಪರೀಕ್ಷಾ ಹಿಂಗ:
ಬಣ್ಣ ಹಾಕಿದ್ರ ನೀರು ಕೆಂಪಗಾಗತೈತಿ,
ಫ್ಲೋರೈಡ್ ಇದ್ದಷ್ಟೂ ಕೆಂಪು ಹಾರತೈತಿ.
ನನಗ ಇಂಗ್ಲಿಷ್ ಬರೂದಿಲ್ಲ, ಕೆಂಪು ಬರತೈತಿ.
ನಳಗಿ ನೋಡೇ ಯಾವ ಊರಂತ ಹೇಳತಿದ್ದೆ.

ಹೊರದೇಶದ ಪತ್ರಿಕಿಯೊಳಗ ಲೇಖನ ಬಂತು. ಪೇಢೆ ತಿಂದ್ವಿ.
ಕಡೀ ಸಾಲು ಕನ್ನಡದಾಗ ಹೇಳಿದ್ರು:
‘ಹೆಚ್ಚಿನ ಸಂಶೋಧನೆ ಅಗತ್ಯ.’
ಹೇಳಿ ಕನ್ನಡಕ ಒರಸಕೋತ ಕುಂತ್ರು.
ಇನ್ನ ಏನ ಸಂಶೋಧನಾ ಮಾಡೂದೋ ದ್ಯಾಮಣ್ಣ,
ಆಕಿ ಮಗಳ ಬೆನ್ನ?

ಆ ಜೂನಿನ್ಯಾಗ ರಾಜೀನಾಮಿ.
ಕೊಪ್ಪಳದಾಗ ಸೈಕಲ್ ಶಾಪಿನ ಮ್ಯಾಲಿನ ಖೋಲಿ,
ಕೆಂಪು ಬಾವುಟ, ಮೂರು ಖುರ್ಚಿ, ಒಂದು ಮುರದದ್ದು.
ಮೊದಲ ಸಭಾದಾಗ ಮುಷ್ಟಿ ಎತ್ರಿ ಅಂದ್ರ
ಎತ್ತಿದ್ರು ಮಂದಿ, ಮೊಣಕೈ ನೆಟ್ಟಗಾಗಲಿಲ್ಲ.
ಪೇಪರಿನವ ಬರದ: ಜನರಲ್ಲಿ ಉತ್ಸಾಹ ಕಂಡುಬರಲಿಲ್ಲ.

ಒಮ್ಮೆ ಠೇವಣಿ ಹೋತು.
ಎರಡನೇ ಸಲ ಗೆದ್ರು, ಏಳನೂರಾ ಹದಿನಾಕರ್ಲೆ.
ಅದನ್ನೂ ಮೂರು ಸಲ ಎಣಿಸಿದ್ರು, ನಾ ಬಾಟಲಿ ತೊಳದಂಗ.
ಬಹುಮತ ಇಲ್ಲದ ಸರಕಾರಕ್ಕ ನಾಕು ಕೈ ಕಡಿಮಿ ಬಿದ್ದಿದ್ವು.
ಅಮರಮ್ಮ ಮಂತ್ರಿ ಆದ್ರು.

ಹೋದ ಶ್ರಾವಣದಾಗ ಹೋಗಿದ್ದೆ ಬೆಂಗಳೂರಿಗೆ,
ಚೀಲದಾಗ ಕರೇಹಾಳದ ನೀರು.
ಬಾಗಲದಾಗ ಪೊಲೀಸಪ್ಪ, ಏನದು, ಕುಡದು ತೋರಸು ಅಂದ.
ಕುಡದೆ. ಹುಟ್ಟಿದಾಗಿಂದ ಕುಡಿಯೂದ ಅದು.

ಒಳಗ ಕಡತದ ಗುಡ್ಡ. ಅದರ ಹಿಂದ ಅವರು, ಕೂದಲ ಬೆಳ್ಳಗಾಗಿ.
ಹಣಕಾಸಿನವರು ಕೇಳತಾರ, ಎಷ್ಟು ಜನ ಸತ್ತಾರ ಅಂತ.
ಇದು ಕೊಲ್ಲೂದಿಲ್ಲಲ್ಲೋ, ಬಗ್ಗಸತೈತಿ.
ಬಗ್ಗಿದವರಿಗೆ ಅವರ ಹಾಳ್ಯಾಗ ಕಾಲಂ ಇಲ್ಲ.
ಹಂಗಂದು ಹಸರು ಶಾಯಿಲೆ ಒಂದು ಸಾಲು ಬರದ್ರು.
ತಲಿ ಕೆಳಗಾಗಿದ್ರೂ ಓದಿದೆ: ‘ಪರಿಶೀಲಿಸಿ ಮಂಡಿಸಿ.’
ಎಲ್ಲೋ ಕೇಳಿದ ಮಾತು ಅನ್ನಿಸ್ತು ನನಗ.
ಅವರಿಗೂ ಅನ್ನಿಸಿರಬೇಕು, ಪೆನ್ನಿನ ಟೋಪಿ ಹುಡುಕಕೋತ
ನನ್ನ ಮಾರಿ ನೋಡಲಿಲ್ಲ.

ಹದಿನೇಳು ಊರಿಗೆ ಹೊಳಿ ನೀರು ಬಂತು.
ಸುಳ್ಳು ಹೇಳಬಾರದು, ಬಂತು.
ಅಲ್ಲಿ ಹುಟ್ಟಿದ ಕೂಸುಗಳ ಹಲ್ಲು ನಾ ನೋಡಿ ಬಂದೀನಿ,
ಜ್ವಾಳದ ತೆನಿ ಇದ್ದಂಗ.
ಕರೇಹಾಳ ಪಟ್ಟಿಯೊಳಗ ಹದಿನೆಂಟನೇದ್ದು.

ರಾತ್ರಿ ಹನ್ನೊಂದಕ್ಕ ಫೋನ್ ಬರತೈತಿ ಒಮ್ಮೊಮ್ಮೆ.
ಸರಕಾರ ಉಳೀತೈತೋ ಬೀಳತೈತೋ, ಆ ಮಾತಿಲ್ಲ.
ಇವತ್ತ ಎಷ್ಟ ಬಂತು?
ನಾಕು ಪಾಯಿಂಟ್ ಮೂರು, ಅಂತೀನಿ.
ಇನ್ನೊಮ್ಮೆ ನೋಡು.
ನೋಡಿದ್ದೆ. ಕೆಂಪು ಯಾವಾಗೋ ಹಾರಿತ್ತು.
ಆದ್ರೂ ಎದ್ದು ಲೈಟ್ ಹಚ್ಚಿ
ಬಾಟಲಿ ತೊಳ್ಯಾಕ ಹತ್ತತೀನಿ.
ಒಂದು.
ಎರಡು.