ಅಳತೆಗೆ

ದೇವಿಮನೆ ಘಟ್ಟದ ತಿರುವಲ್ಲಿ
ಬೋರಲು ಮಲಗಿದ್ದೆ, ಮೊಣಕೈ ಕೆಸರಲ್ಲಿ,
ಉಸಿರು ಬಿಗಿಹಿಡಿದು.

"ಎಂತಾ ಬಿತ್ತು? ಮೂಗುಬೊಟ್ಟಾ?"
ಸೌದೆ ಹೊರೆ ಇಳಿಸಿ
ತಾನೂ ಹುಡುಕತೊಡಗಿದಳು
(ಹೆಸರು ಆಮೇಲೆ ಕೇಳಿದೆ, ಮಂಕಾಳಿ).

ತೋರಿಸಿದೆ:
ಕೊಳೆತ ಹಲಸಿನೆಲೆಯ ನರದ ಮೇಲೆ
ಸಾಸಿವೆ ಗಾತ್ರದ ನಾಯಿಕೊಡೆ,
ಕೂದಲೆಳೆಯ ಕಾವು.

"ಇದಾ! ಪಲ್ಯ ಮಾಡೂಕೆ
ಎರಡು ಗುಡ್ಡ ಹೆಕ್ಕಬೇಕು."
ಆ ನಗೆಗೇ ಕೊಡೆ ತೂಗಾಡಿತು.
ಬಾಯಿಗೆ ಸೆರಗಿಟ್ಟು
ಗಾಳಿಗೆ ಅಡ್ಡ ಕೂತಳು,
ಒಂದು ಟ್ಯಾಂಕರು, ಎರಡು ಬಸ್ಸು ದಾಟುವ ತನಕ.

ರಾತ್ರಿ ಕುಮಟೆಯಲ್ಲಿ, ಪರದೆಯ ಮೇಲೆ,
ಕೊಡೆಯಡಿ ಒಂದು ಊರೇ ನಿಲ್ಲಬಹುದು.
ಮೂಲೆಯಲ್ಲಿ, ಮಸುಕಾಗಿ,
ಕೆಸರು ಮೆತ್ತಿದ ಕಾಲುಂಗುರ.

ಕತ್ತರಿಸಲು ಹೋದವಳು ಬಿಟ್ಟೆ.
ಅದಿಲ್ಲದಿದ್ದರೆ
ಎಷ್ಟು ಸಣ್ಣದಿತ್ತೆಂದು
ನನಗೇ ಮರೆತುಹೋಗುತ್ತದೆ.