ಇಪ್ಪತ್ತನಾಲ್ಕನೆಯ ಮೊಟ್ಟೆ

ಸುತ್ತೋಲೆ ಬಂದದ್ದು ಸೋಮವಾರ, ವಾಟ್ಸಾಪಿನಲ್ಲಿ, ಓರೆಯಾಗಿ,
ಯಾರೋ ಮೇಜಿನ ಮೇಲಿಟ್ಟು ತೆಗೆದ ಫೋಟೊ,
ಮೂಲೆಯಲ್ಲಿ ಅರ್ಧ ಟೀ ಲೋಟ.
ಇನ್ನು ಮುಂದೆ ಮುಖವೇ ಹಾಜರಿ, ಇಷ್ಟು ಅದರ ತಿರುಳು.
ಮಿಕ್ಕಿದ್ದೆಲ್ಲ ತಕ್ಕದ್ದು, ತಪ್ಪಿದಲ್ಲಿ.

ಬುಧವಾರ ಅರೇಹಳ್ಳಿಯಿಂದ ಸ್ಕೂಟರಿನಲ್ಲಿ ಸಿಆರ್‌ಪಿ ಹಾಲಪ್ಪನವರು,
ಹೊಟ್ಟೆಗೂ ಹ್ಯಾಂಡಲ್ಲಿಗೂ ನಡುವೆ ಟ್ಯಾಬಿನ ಡಬ್ಬ,
ಬಾಣಂತಿಯನ್ನು ಕರೆತಂದಷ್ಟು ಜೋಪಾನ.
ಮೂರು ಕಡೆ ಸಹಿ ಹಾಕಿಸಿಕೊಂಡು
"ಒಡೆದರೆ ನಿಮ್ಮ ಸಂಬಳ ಮೇಡಂ" ಎಂದು ನಕ್ಕರು.
ನಾನೂ ನಕ್ಕೆ. ಆ ನಗು ಎಲ್ಲೂ ದಾಖಲಾಗಲಿಲ್ಲ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ.
ಒಂದೊಂದೇ ಮುಖ, ಹಸಿರು ಚೌಕ, ಟಿಣ್.
ಧರ್ಮಸ್ಥಳಕ್ಕೆ ಮುಡಿ ಕೊಟ್ಟು ಬಂದ ಯಶ್ವಿತನನ್ನು
ಮೂರು ಸಲ ತಳ್ಳಿಹಾಕಿ, ನಾಲ್ಕನೆಯ ಸಲ
ಐದನೇ ಕ್ಲಾಸಿನ ಅವನಕ್ಕನೆಂದು ಒಪ್ಪಿಕೊಂಡಿತು.
ಕೆಪ್ಪಟರಾಯ ಎದ್ದ ಲೋಹಿತ ಕೆನ್ನೆಗೆ ನೀಲಿ ಬಳಿದುಕೊಂಡೇ ಬಂದಿದ್ದ,
ಮನೆಯಲ್ಲಿರೋ ಅಂದಿದ್ದೆ, ಮೊಟ್ಟೆಯ ದಿನ ಎಂದು ಬಂದಿದ್ದ.
ಅವನಿಗೆ ಬೆಳಕು ಸಾಲದು ಎಂದಿತು.
ಒರೆಸಿದ ಮೇಲೆ ಟಿಣ್.

ಕೊನೆಗೆ ಮೊರ್ಜಿನಾ.
ಕಾಫಿ ಹಣ್ಣು ಬಿಡಿಸಲು ಅಸ್ಸಾಮಿನಿಂದ ಬಂದು
ಮೇಲಿನ ಎಸ್ಟೇಟಿನ ಲೈನುಮನೆಯಲ್ಲಿ ಇರುವವರ ಮಗಳು.
ಹಿಂದಿನ ಶಾಲೆಯ ಟಿಸಿ ಇಲ್ಲ, ಆಧಾರಿನಲ್ಲಿ ಹೆಸರು ಬೇರೆ,
ಹಾಗಾಗಿ ಸಂಖ್ಯೆ ಇಲ್ಲ,
ಹಾಗಾಗಿ ಮುಖವೂ ಇಲ್ಲ.
ಕೆಂಪು ಚೌಕ.
ಅದರೊಳಗೆ ನಿಂತು ಹಲ್ಲು ಕಿರಿದಳು, ಮುಂದಿನೆರಡು ಬಿದ್ದಿದ್ದವು.
ಒಟ್ಟು ಇಪ್ಪತ್ಮೂರು ಎಂದಿತು ಪರದೆ.
ಅಡುಗೆಮನೆ ಕಿಟಕಿಯಿಂದ ದ್ಯಾವಮ್ಮ:
"ಎಷ್ಟು ಹಾಕ್ಲಿ ಮಿಸ್ಸು?"

ಯಂತ್ರವನ್ನು ಬೈಯುವ ಮೊದಲು ಇದನ್ನೂ ಹೇಳಿಬಿಡುತ್ತೇನೆ.
ಹಳೆಯ ಹಾಜರಿ ಪುಸ್ತಕದಲ್ಲಿ
ಸುಳ್ಳು ನಾನೂ ಬರೆದಿದ್ದೇನೆ.
ಹಣ್ಣಿನ ಕಾಲದಲ್ಲಿ ತಿಂಗಳುಗಟ್ಟಲೆ ಬಾರದ ಹುಡುಗಿಗೆ
ಹಾ, ಹಾ, ಹಾ,
ಪುಟವೇ ಆಕಳಿಸುತ್ತಿರುವಂತೆ ಕಾಣುತ್ತಿತ್ತು.
ಅವಳು ಹಿಂದುಳಿಯದಿರಲೆಂದು ಸ್ವಲ್ಪ,
ಶಾಲೆ ಮುಚ್ಚದಿರಲೆಂದು ಹೆಚ್ಚು.
ಮೇಲಿನವರಿಗೆ ಗೊತ್ತಿತ್ತು. ಅದಕ್ಕೇ ಈ ಕಣ್ಣು ಕಳಿಸಿದ್ದಾರೆ.
ತಪ್ಪು ಎನ್ನಲಾರೆ.

ಅದೇ ಟ್ಯಾಬಿನಲ್ಲಿ ಇನ್ನೊಂದು ಗುಂಡಿ,
ಕನ್ನಡದಲ್ಲಿ ಹೇಳಿದ್ದನ್ನು ಬೇಕಾದ ಭಾಷೆಯಲ್ಲಿ ನುಡಿಯುತ್ತದಂತೆ.
ಮನೆಯಲ್ಲಿ ಯಾರ್ಯಾರಿದ್ದೀರಿ ಎಂದೆ,
ಅದು ಅಸ್ಸಾಮಿಯಲ್ಲಿ ಏನೋ ಅಂದಿತು.
ಮುಖ ಗೊತ್ತಿಲ್ಲದ್ದಕ್ಕೆ ಮಾತು ಗೊತ್ತಿದೆಯಲ್ಲ!
ಮೊರ್ಜಿನಾ ಕಿವಿ ಹತ್ತಿರ ತಂದು ಕೇಳಿದಳು, ಬಾಯಿಗೆ ಕೈ ಅಡ್ಡ ಹಿಡಿದಳು:
"ನ್ಯೂಸ್ ಓದೋರ ತರ ಮಾತಾಡ್ತದೆ ಮಿಸ್,
ನಮ್ಮನೇಲಿ ಹಿಂಗ್ ಆಡಲ್ಲ. ನೀವೇ ಕೇಳಿ."
ಅಚ್ಚ ಬೇಲೂರು ಸೀಮೆಯ ರಾಗ.

ಕೇಳಿದೆ.
ಅಬ್ಬ, ಅಮ್ಮ, ತೆವಳುವ ತಮ್ಮ, ಒಂದು ಕೋಳಿ.
ಕೋಳಿಗೆ ಹೆಸರಿದೆ,
ಹೇಳಲು ಒಪ್ಪಲಿಲ್ಲ.

ನಾಲ್ಕು ಗಂಟೆಗೆ ನೀರಿನ ಟ್ಯಾಂಕಿನ ಏಣಿಯಲ್ಲಿ ಆರು ಮೆಟ್ಟಿಲು ಹತ್ತಿ,
ಸೀರೆ ಸೆಕ್ಕಿ, ಎರಡು ಕಡ್ಡಿ ಸಿಗ್ನಲ್ ಹಿಡಿದು
ಇಪ್ಪತ್ಮೂರನ್ನು ಕಳಿಸಿದೆ.
ಯಂತ್ರದಲ್ಲಿ ಷರಾ ಕಾಲಂ ಇಲ್ಲ.
ಇಳಿದು ಬಂದು ಬೀರು ತೆರೆದೆ, ಹಳೆಯ ಪುಸ್ತಕದ ಅಡಿಯಲ್ಲಿ
ಗೆರೆ ಎಳೆದು ಬರೆದೆ: ೨೪. ಮೊರ್ಜಿನಾ. ಹಾ.
ಇದನ್ನು ಯಾರೂ ಕೇಳಿರಲಿಲ್ಲ.

ದ್ಯಾವಮ್ಮ ಇಪ್ಪತ್ತನಾಲ್ಕನ್ನು ಬೇಯಿಸಿಯೇ ಬಂದು ಕೇಳಿದ್ದಳು.
ತಿಂಗಳ ಕೊನೆಗೆ ಒಂದರ ಲೆಕ್ಕ ಹೆಚ್ಚು ಬೀಳುತ್ತದೆ,
ವಿವರಣೆ ಕೇಳುತ್ತಾರೆ.
ಒಂದು ಒಡೆದಿತ್ತು ಎಂದು ಬರೆಯಬೇಕೇನೋ,
ಮತ್ತೆ ನೀಲಿ ಶಾಯಿ.

ಮೊರ್ಜಿನಾ ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿಕೊಂಡಳು.
ಯಾಕೇ ಎಂದರೆ, ಕೋಳಿಗೆ.